‘ಗಾಂಧಾರಿ’ ಹೆಸರಿನ ಒಂದು ತಟ್ಟೆಗಾಗಿ ಇಪ್ಪತ್ತೆರಡು ತಿಂಗಳು

2025ರ ಏಪ್ರಿಲ್‌ನಲ್ಲಿ, ಯುಗಾದಿ ಮುಗಿದ ಎರಡನೆಯ ವಾರ, ನಾಯಿ ಚಿತ್ರದ ಲೇಬಲ್ ಇರುವ ಹತ್ತು ಇಂಚಿನ ಒಂದು ಅರಗಿನ ಗ್ರಾಮಫೋನ್ ತಟ್ಟೆ ಧಾರವಾಡದ ನಮ್ಮ ಮನೆಗೆ ಬಂದಿತು. ಅದರ ಮೇಲೆ ಹಾಡಿದವರ ಹೆಸರು ‘ಗಾಂಧಾರಿ’ ಎಂದಿದೆ, ಜೊತೆಗೆ ಹುಬ್ಬಳ್ಳಿಯ ಹೆಸರಿದೆ. ಮುಂದೆ ಗಂಗೂಬಾಯಿ ಹಾನಗಲ್ ಎಂದು ನಾಡಿಗೆಲ್ಲ ಪರಿಚಿತರಾದ ಹಿಂದುಸ್ತಾನಿ ಗಾಯಕಿ ತಮ್ಮ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಹಾಡಿದ ತಟ್ಟೆ ಇದು. 2023ರ ಜೂನ್‌ನಲ್ಲಿ ಇದನ್ನು ಹುಡುಕಲು ಹೊರಟಾಗ ನಾಲ್ಕಾರು ತಿಂಗಳ ಕೆಲಸ ಎಂದುಕೊಂಡಿದ್ದೆ. ಇಪ್ಪತ್ತೆರಡು ತಿಂಗಳು ಹಿಡಿಯಿತು, ಒಟ್ಟು 42,600 ರೂಪಾಯಿ ಖರ್ಚಾಯಿತು, ನಡುವೆ ಒಮ್ಮೆ ಕೈಗೆ ಬಂದದ್ದು ಚೂರಾಗಿ ಹೋಯಿತು. ಇದೇ ದಾರಿಯಲ್ಲಿ ಹೊರಟವರು ಇನ್ನೂ ಕೆಲವರಾದರೂ ಇದ್ದೇ ಇರುತ್ತಾರೆ. ಅವರಿಗೆ ನನ್ನಷ್ಟು ಅಲೆದಾಟವಾಗದಿರಲಿ ಎಂದು ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಈ ತಟ್ಟೆಯೇ ಏಕೆ ಬೇಕಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ನಮ್ಮ ಧಾರವಾಡದಲ್ಲಿಯೇ. ನಮ್ಮ ತಲೆಮಾರಿನವರು ಕೇಳಿ ಬೆಳೆದದ್ದು ಅವರ ಗಡುಸಾದ, ಗಂಡಸಿನದೋ ಹೆಂಗಸಿನದೋ ಎಂದು ಹೊಸಬರು ತಡವರಿಸುವಂತಹ, ನೆಲವನ್ನು ಬಿಗಿಯಾಗಿ ಹಿಡಿದುಕೊಂಡ ಧ್ವನಿಯನ್ನು. ಆ ಧ್ವನಿ ಗಂಟಲಿನ ತೊಂದರೆ ಮತ್ತು ಅದರ ಚಿಕಿತ್ಸೆಯ ನಂತರ ಬಂದದ್ದು. ಅದಕ್ಕೂ ಮೊದಲು ಅವರದು ತೆಳುವಾದ, ಏರು ಶ್ರುತಿಯ ಕಂಠವಾಗಿತ್ತು. ನಮ್ಮ ತಂದೆಯವರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ನಡೆಯುವ, ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತಕ್ಕೆ ತಪ್ಪದೆ ಹೋಗುತ್ತಿದ್ದವರು. ಗಂಗೂಬಾಯಿಯವರ ಹಾಡು ಮುಗಿಸಿಕೊಂಡು ಬಂದಾಗಲೆಲ್ಲ, “ಈ ತಾಯಿ ಮೊದಲಿನ ಧ್ವನಿ ನೀ ಕೇಳಿಲ್ಲ ನೋಡು, ಪ್ಲೇಟಿನ್ಯಾಗ ಅದ” ಎನ್ನುತ್ತಿದ್ದರು. ತಾವು ಹುಡುಗರಾಗಿದ್ದಾಗ ಶಾಲಾ ಮಾಸ್ತರರ ಮನೆಯಲ್ಲಿ ಆ ತಟ್ಟೆಯನ್ನು ಕೇಳಿದ್ದರಂತೆ. 2022ರಲ್ಲಿ ಅವರು ತೀರಿಕೊಂಡರು. ನನ್ನಲ್ಲಿ ಆಗಲೇ ನಿಮಿಷಕ್ಕೆ 78 ಸುತ್ತಿನ ವೇಗದ ಮುನ್ನೂರಕ್ಕೂ ಹೆಚ್ಚು ತಟ್ಟೆಗಳಿದ್ದವು. ಅವುಗಳಲ್ಲಿ ಗಂಗೂಬಾಯಿಯವರ ನಂತರದ ಕಾಲದವು ನಾಲ್ಕಿದ್ದವು, ಮೊದಲಿನದು ಒಂದೂ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಆ ಕಾಲದ ಧ್ವನಿ ಅಷ್ಟಿಷ್ಟು ಕೇಳಸಿಗುತ್ತದೆ, ಮೂಲ ತಟ್ಟೆಯೇ ಏಕೆ ಬೇಕು ಎಂದು ನಮ್ಮ ಮನೆಯವರೇ ಕೇಳಿದರು. ಪ್ರತಿಯಿಂದ ಪ್ರತಿ ಮಾಡಿ, ಗೊರಗೊರ ಸದ್ದನ್ನು ತೆಗೆಯಲು ಹೋಗಿ ಧ್ವನಿಯ ಮೇಲ್ಭಾಗವನ್ನೂ ತೆಗೆದುಹಾಕಿದ ರೂಪಗಳೇ ಹೆಚ್ಚಾಗಿ ಸಿಗುತ್ತವೆ. ಮೂವತ್ತರ ದಶಕದ ಹೊತ್ತಿಗೆ ಮೈಕ್ರೋಫೋನಿನಿಂದ ಮುದ್ರಿಸುವ ಪದ್ಧತಿ ಬಂದಾಗಿತ್ತು, ಆದ್ದರಿಂದ ತಟ್ಟೆ ಸವೆದಿರದಿದ್ದರೆ ಅದರಲ್ಲಿ ನಾವು ಊಹಿಸುವುದಕ್ಕಿಂತ ಹೆಚ್ಚು ಧ್ವನಿ ಇರುತ್ತದೆ. ಅದನ್ನು ನನ್ನ ಕಿವಿಯಿಂದಲೇ ಕೇಳಬೇಕಾಗಿತ್ತು.

ಮೊದಲ ಮೂರು ತಿಂಗಳು ದಂಡವಾದವು. ಹೋದಲ್ಲೆಲ್ಲ ನಾನು ಕೇಳುತ್ತಿದ್ದುದು “ಗಂಗೂಬಾಯಿ ಹಾನಗಲ್ ಅವರ ಹಳೆಯ ಪ್ಲೇಟು” ಎಂದು. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೇಳಿದೆ, ಬೆಂಗಳೂರಿಗೆ ಹೋಗಿ ಎರಡು ದಿನ ಉಳಿದು ಭಾನುವಾರದ ಸಂಡೆ ಬಜಾರಿನಲ್ಲಿ ಬೆಳಗಿನ ಆರು ಗಂಟೆಯಿಂದ ಅಲೆದೆ. ಆ ಪ್ರಯಾಣಕ್ಕೆ 2,400 ರೂಪಾಯಿ ಹೋಯಿತು. ಸಿಕ್ಕಿದ್ದೆಲ್ಲ ಹಿಂದಿ ಸಿನಿಮಾ ಹಾಡುಗಳು. ನಮ್ಮ ದೇಶದಲ್ಲಿ ಅರಗಿನ ತಟ್ಟೆಗಳು ಅರವತ್ತರ ದಶಕದಲ್ಲಿಯೂ ತಯಾರಾಗುತ್ತಿದ್ದುದರಿಂದ ಆ ಕಾಲದ ಸಿನಿಮಾ ತಟ್ಟೆಗಳು ಎಲ್ಲೆಡೆ ರಾಶಿ ರಾಶಿಯಾಗಿವೆ.

ಕಣ್ಣು ತೆರೆಸಿದವರು ಪುಣೆಯ ಒಬ್ಬ ಹಿರಿಯ ಸಂಗ್ರಾಹಕರು. ಪರಿಚಿತರೊಬ್ಬರಿಂದ ಅವರ ನಂಬರು ಪಡೆದು ಫೋನು ಮಾಡಿದೆ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡು, ವಿಜಯಪುರದ ಕಡೆಯ ಕನ್ನಡದಲ್ಲಿ ಅವರು ಒಂದೇ ಮಾತು ಹೇಳಿದರು: “ಆ ಹೆಸರಲೆ ಹುಡುಕಿದ್ರ ನಿಮಗ ಸಿಗಂಗಿಲ್ರಿ. ಗಾಂಧಾರಿ ಅಂತ ಹುಡುಕ್ರಿ.” ಗಾಂಧಾರಿ ಎಂಬುದೇ ಗಂಗೂಬಾಯಿಯವರ ಮೊದಲ ಹೆಸರು ಎಂದು ಎಲ್ಲಿಯೋ ಓದಿದ್ದೆ, ತಟ್ಟೆಯ ಮೇಲೆಯೂ ಅದೇ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಮಾರುವವನಿಗೆ ಗಾಂಧಾರಿ ಯಾರೆಂದು ತಿಳಿಯದು, ಕೊಳ್ಳುವವನು ಗಂಗೂಬಾಯಿ ಎಂದು ಕೇಳುತ್ತಾನೆ, ತಟ್ಟೆ ಇಬ್ಬರ ನಡುವೆಯೇ ಕುಳಿತಿರುತ್ತದೆ. ಹಳೆಯ ತಟ್ಟೆ ಹುಡುಕುವವರೆಲ್ಲರೂ ಇದನ್ನು ಮೊದಲು ನೆನಪಿಡಬೇಕು: ಕಲಾವಿದರು ಆ ವರ್ಷ ಯಾವ ಹೆಸರಿನಲ್ಲಿ ಹಾಡುತ್ತಿದ್ದರೋ ಆ ಹೆಸರನ್ನು ಹುಡುಕಬೇಕು. ಸವಾಯಿ ಗಂಧರ್ವರದು ಬೇಕೆಂದರೆ ರಾಮಭಾವು ಕುಂದಗೋಳಕರ್ ಎಂದೂ ಕೇಳಬೇಕು. ಮಾರಾಟದ ಪಟ್ಟಿಗಳಲ್ಲಿ ಹೆಸರಿನ ಅಕ್ಷರಗಳು ಅಡ್ಡಾದಿಡ್ಡಿ ಇರುತ್ತವೆ. ‘ಗಾಂಧಾರ್’, ‘ಗಂಧರಿ’, ಬರಿಯ ‘ಹುಬ್ಳಿ’ ಹೀಗೆ ಆರೇಳು ರೂಪಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪ್ರತಿ ಭಾನುವಾರ ರಾತ್ರಿ ಎಲ್ಲವನ್ನೂ ಹುಡುಕುವುದು ನನ್ನ ರೂಢಿಯಾಯಿತು.

ಅದೇ ಹಿರಿಯರು ಓದಬೇಕಾದುದನ್ನೂ ಹೇಳಿಕೊಟ್ಟರು. ಮುಂಬಯಿಯಲ್ಲಿ 1990ರಲ್ಲಿ ಶುರುವಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘವು ‘ದ ರೆಕಾರ್ಡ್ ನ್ಯೂಸ್’ ಎಂಬ ಪತ್ರಿಕೆಯನ್ನು ತರುತ್ತಿತ್ತು. ಅದರ ಹಳೆಯ ಸಂಚಿಕೆಗಳನ್ನು ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಅದರಲ್ಲಿ ಬಂದ ಪಟ್ಟಿಗಳನ್ನೂ, ಆ ಹಿರಿಯರು ಕಳಿಸಿದ ಹಳೆಯ ಕಂಪನಿ ಕ್ಯಾಟಲಾಗಿನ ಕೆಲವು ಪುಟಗಳನ್ನೂ ಕೂಡಿಸಿ ನಾನೊಂದು ನೋಟುಬುಕ್ಕು ಮಾಡಿದೆ. ಒಂದು ತಟ್ಟೆಗೆ ಎರಡು ಬಗೆಯ ಸಂಖ್ಯೆ ಇರುತ್ತದೆ. ಲೇಬಲ್ ಮೇಲೆ ಅಚ್ಚಾಗಿರುವುದು ಕ್ಯಾಟಲಾಗ್ ಸಂಖ್ಯೆ, ಅಂದರೆ ಅಂಗಡಿಯವರು ಮಾರಲು ಬಳಸುತ್ತಿದ್ದದ್ದು. ಹಾಡು ಕೊರೆದ ಗೀರುಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಒತ್ತಿರುವುದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ದಿನ ಆ ಹಾಡನ್ನು ಮುದ್ರಿಸಿದ ಮೂಲ ಅಚ್ಚಿನದು. ಪ್ರತಿ ಬದಿಗೂ ಅದು ಬೇರೆಯಾಗಿರುತ್ತದೆ. ಲೇಬಲ್ ಹರಿದಿರಬಹುದು, ತಪ್ಪು ಲೇಬಲ್ ಅಂಟಿರಬಹುದು, ಆದರೆ ಮ್ಯಾಟ್ರಿಕ್ಸ್ ಸಂಖ್ಯೆ ಸುಳ್ಳು ಹೇಳುವುದಿಲ್ಲ. ಮಾರುವವರು ಫೋಟೋ ಕಳಿಸುವಾಗ ಆ ನುಣುಪು ಜಾಗದ ಫೋಟೋವನ್ನು, ಓರೆಯಾಗಿ ಬೆಳಕು ಬೀಳಿಸಿ ತೆಗೆದದ್ದನ್ನು, ತಪ್ಪದೆ ಕೇಳಬೇಕು.

ನವೆಂಬರ್‌ನಲ್ಲಿ ಮುಂಬಯಿಗೆ ಹೋದೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಗ್ರಾಮಫೋನಿನ ಅಂಗಡಿಗಳಿವೆ ಎಂದು ತಿಳಿದು ಹೋದದ್ದು, ಆದರೆ ಗೊತ್ತಿಲ್ಲದೆ ಶುಕ್ರವಾರ ತಲುಪಿದೆ. ಶುಕ್ರವಾರ ಅಲ್ಲಿನ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಹಾಸಿಕೊಂಡು ಮಾರುವವರು ಮಾತ್ರ ಇರುತ್ತಾರೆ. ಒಂದು ದಿನ ಹೆಚ್ಚು ಉಳಿಯಬೇಕಾಯಿತು. ರೈಲು, ವಸತಿ, ಊಟ ಸೇರಿ 3,800 ರೂಪಾಯಿ ಆಯಿತು. ಶನಿವಾರ ಒಬ್ಬ ವ್ಯಾಪಾರಿ ನನ್ನ ನೋಟುಬುಕ್ಕನ್ನು ನೋಡಿ, ಗಾಂಧಾರಿಯ ಎರಡು ತಟ್ಟೆ ತನ್ನ ಗೋದಾಮಿನಲ್ಲಿವೆ, ತಿಂಗಳೊಳಗೆ ತೆಗೆಸಿ ಕಳಿಸುತ್ತೇನೆ ಎಂದು ಹೇಳಿ 2,000 ರೂಪಾಯಿ ಮುಂಗಡ ಪಡೆದುಕೊಂಡರು. ಡಿಸೆಂಬರ್ ಕಳೆಯಿತು, ಸಂಕ್ರಾಂತಿ ಕಳೆಯಿತು, ಆಮೇಲೆ ಅವರು ಫೋನು ಎತ್ತುವುದನ್ನೇ ನಿಲ್ಲಿಸಿದರು. ಹಣ ಹೋದದ್ದಕ್ಕಿಂತ, ಆ ಎರಡು ತಿಂಗಳು ಬೇರೆ ಕಡೆ ಹುಡುಕದೆ ಕುಳಿತಿದ್ದೆನಲ್ಲ ಎಂಬುದು ನನಗೆ ಹೆಚ್ಚು ನೋವು ಕೊಟ್ಟಿತು. ವಸ್ತುವನ್ನು ಕಣ್ಣಾರೆ ನೋಡದೆ, ಕನಿಷ್ಠ ಫೋಟೋವನ್ನಾದರೂ ನೋಡದೆ, ಯಾರಿಗೂ ಮುಂಗಡ ಕೊಡಬೇಡಿ.

2024ರ ಮಾರ್ಚ್‌ನಲ್ಲಿ ಒಂದು ರಾತ್ರಿ, ಆನ್‌ಲೈನ್ ಮಾರಾಟದ ಪಟ್ಟಿಯೊಂದರಲ್ಲಿ ‘ಗಂಧರಿ, ಹುಬ್ಳಿ’ ಎಂಬ ಎರಡು ಪದ ಕಂಡವು. ಕೋಲ್ಕತ್ತದ ಮಾರಾಟಗಾರರು. ಫೋಟೋ ತರಿಸಿದೆ, ಸಂಖ್ಯೆ ನೋಡಿದೆ, ಅದೇ ಕಾಲದ್ದು ಎಂಬುದು ಖಚಿತವಾಯಿತು. 4,500 ರೂಪಾಯಿ ಕಳಿಸಿದೆ. ಒಂಬತ್ತು ದಿನಗಳ ನಂತರ ಕೊರಿಯರ್ ಬಂದಿತು. ಡಬ್ಬಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಒಳಗೆ ಏನೋ ಸರಿದಾಡಿದ ಸದ್ದು ಕೇಳಿಸಿತು. ತೆರೆಯುವ ಮೊದಲೇ ತಿಳಿಯಿತು. ತಟ್ಟೆ ನಾಲ್ಕು ಚೂರಾಗಿತ್ತು. ಒಂದು ತೆಳು ರಟ್ಟಿನ ಮೇಲೆ ವೃತ್ತಪತ್ರಿಕೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿದ್ದರು. ತೊಂಬತ್ತು ವರ್ಷ ಯಾರ ಯಾರ ಮನೆಯಲ್ಲಿಯೋ ಉಳಿದುಕೊಂಡು ಬಂದದ್ದು ನನ್ನ ಆಸೆಯಿಂದಾಗಿ ಒಡೆದುಹೋಯಿತು ಎಂದೆನಿಸಿ ಆ ದಿನ ಊಟ ಸೇರಲಿಲ್ಲ. ಮಾರಾಟಗಾರರು ವಾದಿಸಿ, ಕೊನೆಗೆ 2,000 ರೂಪಾಯಿಯನ್ನಷ್ಟೇ ಹಿಂದಿರುಗಿಸಿದರು.

ಅರಗಿನ ತಟ್ಟೆ ನೋಡಲು ಕಲ್ಲಿನಂತೆ ಕಂಡರೂ ಗಾಜಿನಷ್ಟೇ ನಾಜೂಕು. ಅರಗು, ಕಲ್ಲುಪುಡಿ ಮತ್ತು ಕಾಡಿಗೆಯ ಕಪ್ಪನ್ನು ಕೂಡಿಸಿ ಒತ್ತಿದ್ದು ಅದು, ನಂತರ ಬಂದ ಎಲ್‌ಪಿಯಂತೆ (ಲಾಂಗ್ ಪ್ಲೇ ತಟ್ಟೆಯಂತೆ) ಬಾಗುವ ಪ್ಲಾಸ್ಟಿಕ್ ಅಲ್ಲ. ಅಂಚೆಯಲ್ಲಿ ತರಿಸುವುದೇ ಆದರೆ ಕಟ್ಟುವ ರೀತಿಯನ್ನು ನೀವೇ ಬರೆದು ಕಳಿಸಿ, ಕಟ್ಟಿದ ಮೇಲೆ ಫೋಟೋ ಬಂದ ನಂತರವೇ ಹಣ ಕೊಡಿ. ತಟ್ಟೆಗಿಂತ ಎರಡೆರಡು ಇಂಚು ದೊಡ್ಡದಾದ ಗಟ್ಟಿ ರಟ್ಟಿನ ಹಾಳೆಗಳನ್ನು ಎರಡೂ ಬದಿಗೆ ಇಟ್ಟು, ತಟ್ಟೆ ಅವುಗಳ ನಡುವೆ ಅಲುಗದಂತೆ ಬಿಗಿದು, ಆ ಕಟ್ಟನ್ನು ಇನ್ನೊಂದು ದೊಡ್ಡ ಡಬ್ಬಿಯಲ್ಲಿ, ಆರೂ ಬದಿಗೆ ಮೆತ್ತನೆಯ ತುಂಬು ಹಾಕಿ ಇಡಬೇಕು. ಇಷ್ಟಕ್ಕೆ ನೂರೈವತ್ತು ರೂಪಾಯಿ ಹೆಚ್ಚು ಕೇಳಿದರೂ ಸಂತೋಷದಿಂದ ಕೊಡಿ.

ಚೂರುಗಳನ್ನು ನಾನು ಎಸೆಯಲಿಲ್ಲ. ಧ್ವನಿಮುದ್ರಣ ಬಲ್ಲ ಗೆಳೆಯರೊಬ್ಬರು, ಅಂಟಿಸಿ ಒಮ್ಮೆಯಾದರೂ ನುಡಿಸಿ ಪ್ರತಿ ತೆಗೆಯಬಹುದು, ಪ್ರತಿ ಸುತ್ತಿಗೂ ಬಿರುಕಿನ ಟಕ್ ಸದ್ದು ಬರುತ್ತದೆ ಅಷ್ಟೇ ಎಂದರು. ನನಗೆ ಮನಸ್ಸಾಗಲಿಲ್ಲ. ಆದರೆ ಲೇಬಲ್ ಇದ್ದ ನಡುವಿನ ಚೂರು ಪೂರ್ತಿಯಾಗಿತ್ತು. ಎರಡೂ ಬದಿಯ ಮ್ಯಾಟ್ರಿಕ್ಸ್ ಸಂಖ್ಯೆಗಳನ್ನು ಭೂತಗನ್ನಡಿಯಲ್ಲಿ ನೋಡಿ ನೋಟುಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ. ಮುಂದೆ ಅದೇ ಉಪಯೋಗಕ್ಕೆ ಬಂದಿತು.

ಆಗಸ್ಟ್‌ನಲ್ಲಿ ಮಗಳ ತಂಬೂರಿಯ ಜವಾರಿಯನ್ನು, ಅಂದರೆ ತಂತಿಗಳ ಝೇಂಕಾರವನ್ನು, ಸರಿಪಡಿಸಲು ಮಿರಜಕ್ಕೆ ಹೋಗಿದ್ದೆ. ತಂಬೂರಿ ಮಾಡುವವರ ಅಂಗಡಿಯಲ್ಲಿ ಎರಡು ತಾಸು ಕಾಯುವಾಗ ಮಾತಿಗೆ ಮಾತು ಬಂದು ನನ್ನ ಹುಡುಕಾಟವನ್ನು ಹೇಳಿದೆ. ಅವರು ತಂತಿಯಿಂದ ಕಣ್ಣೆತ್ತದೆಯೇ, ಹಳೆಯ ಪೇಟೆಯ ವಾಡೆಯೊಂದರಲ್ಲಿ ಟ್ರಂಕಿನ ತುಂಬ ಪ್ಲೇಟುಗಳಿವೆ, ಯಜಮಾನರು ರೈಲ್ವೆಯಲ್ಲಿದ್ದರು, ತೀರಿಕೊಂಡು ಹತ್ತು ವರ್ಷವಾಯಿತು ಎಂದರು. ಹದಿನಾಲ್ಕು ತಿಂಗಳು ಅಂಗಡಿ ಅಂಗಡಿ ಅಲೆದವನಿಗೆ ದಾರಿ ತೋರಿಸಿದ್ದು ಸಂಗೀತದ ಮನೆಗಳಿಗೆ ಹೋಗಿಬರುವ ಒಬ್ಬ ಕೆಲಸಗಾರರು. ಮೊದಲೇ ಹೀಗೆ ಕೇಳಬೇಕಾಗಿತ್ತು: ವಾದ್ಯ ರಿಪೇರಿ ಮಾಡುವವರನ್ನು, ತಬಲಾಕ್ಕೆ ಚರ್ಮ ಹಾಕುವವರನ್ನು, ನಿವೃತ್ತ ಸಂಗೀತ ಶಿಕ್ಷಕರನ್ನು. ಯಾವ ಮನೆಯ ಅಟ್ಟದ ಮೇಲೆ ಏನಿದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಸೆಪ್ಟೆಂಬರ್ ಎರಡನೆಯ ವಾರ ಆ ಮನೆಗೆ ಹೋದೆ. ಹಿರಿಯ ಸೊಸೆ ಬಾಗಿಲು ತೆರೆದರು. ಅಥಣಿ ಅವರ ತವರು. ನಾನು ಧಾರವಾಡದವನೆಂದ ಕೂಡಲೇ ಕನ್ನಡದಲ್ಲಿ ಮಾತಾಡಿಸಿ, ಚಹಾ ಮಾಡಿದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆದೆ. ಮಾವನವರ ಪ್ಲೇಟುಗಳನ್ನು ಯಾರೂ ಮುಟ್ಟಿಲ್ಲ, ನೋಡುವುದಾದರೆ ನೋಡಿ, ಆದರೆ ಮಾರುವ ವಿಚಾರವನ್ನು ಮೂವರು ಅಣ್ಣತಮ್ಮಂದಿರು ಕೂಡಿ ಹೇಳಬೇಕು ಎಂದರು. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದರವರೆಗೆ ನೆಲದ ಮೇಲೆ ಕಂಬಳಿ ಹಾಸಿಕೊಂಡು ಒಂದೊಂದಾಗಿ ತೆಗೆದೆ. ಒಟ್ಟು 138 ತಟ್ಟೆಗಳು. ಮರಾಠಿ ನಾಟ್ಯಗೀತೆಗಳೇ ಹೆಚ್ಚು, ನಡುನಡುವೆ ಖ್ಯಾಲ್, ಅಂದರೆ ಹಿಂದುಸ್ತಾನಿ ರಾಗ ಗಾಯನ. ತೊಂಬತ್ತೇಳನೆಯದನ್ನು ಲಕೋಟೆಯಿಂದ ಹೊರಗೆ ಎಳೆದಾಗ ಮೊದಲು ಕಂಡದ್ದು ‘ಹುಬ್ಳಿ’. ಹಾಡಿನ ಸಾಲು ಮಸುಕಾಗಿತ್ತು, ಗಾಂಧಾರಿ ಎಂಬ ಹೆಸರು ಸ್ಪಷ್ಟವಾಗಿತ್ತು. ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದು ನುಣುಪು ಜಾಗದ ಸಂಖ್ಯೆಯನ್ನು ಓದಿದೆ. ಕೆಂಪು ಶಾಯಿಯಲ್ಲಿ ಬರೆದುಕೊಂಡ ಸಂಖ್ಯೆಯೇ ಅದು. ಒಡೆದ ತಟ್ಟೆಯ ಜೋಡಿ ಇಡಿಯಾಗಿ ನನ್ನ ಕೈಯಲ್ಲಿತ್ತು. ಕೈ ನಡುಗುತ್ತಿದ್ದುದರಿಂದ ಅದನ್ನು ಕಂಬಳಿಯ ಮೇಲೆ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ತಟ್ಟೆಯ ಸ್ಥಿತಿ ನೋಡುವ ಕ್ರಮವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂಚನ್ನು ಮಾತ್ರ ಹಿಡಿಯಬೇಕು, ಗೀರಿನ ಮೇಲೆ ಬೆರಳು ತಾಗಬಾರದು. ನಡುವಿನ ತೂತಿನಲ್ಲಿ ಬೆರಳು ತೂರಿಸಿ ನೇತುಬಿಟ್ಟು, ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಟ್ಟೆ ನಾದ ಕೊಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಬೊದ್ದಾಗುತ್ತದೆ. ಬೆಳಕಿಗೆ ಹಿಡಿದಾಗ ಗೀರುಗಳು ಕಪ್ಪಗೆ ಹೊಳೆದರೆ ಒಳ್ಳೆಯದು, ಬೂದಿ ಬಣ್ಣಕ್ಕೆ ತಿರುಗಿದ್ದರೆ ಗ್ರಾಮಫೋನಿನ ಉಕ್ಕಿನ ಮುಳ್ಳು ಅದನ್ನು ತಿಂದಿದೆ ಎಂದರ್ಥ. ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕೆಂಬುದು ಆ ಕಾಲದ ನಿಯಮವಾಗಿತ್ತು, ಉಳಿತಾಯ ಮಾಡಲು ಹೋಗಿ ಒಂದೇ ಮುಳ್ಳಿನಲ್ಲಿ ಹತ್ತಾರು ಬದಿ ನುಡಿಸಿದ ಮನೆಗಳಲ್ಲಿ ತಟ್ಟೆಗಳು ಬೂದಿಯಾಗಿವೆ. ಈ ಮನೆಯ ಹಿರಿಯರು ಶಿಸ್ತಿನವರು. ಖ್ಯಾಲ್ ಇದ್ದ ಬದಿ ಕಪ್ಪಗೆ ಹೊಳೆಯುತ್ತಿತ್ತು, ಇನ್ನೊಂದು ಬದಿ ಸ್ವಲ್ಪ ಸವೆದಿತ್ತು.

ನನ್ನ ಮುಂದೆ ಈಗ ಎರಡು ದಾರಿಗಳಿದ್ದವು. ಬೇಕಾದದ್ದನ್ನು ತೋರಗೊಡದೆ ಹತ್ತಿಪ್ಪತ್ತು ತಟ್ಟೆಗಳ ನಡುವೆ ಅದನ್ನೂ ಸೇರಿಸಿ ಕಡಿಮೆ ಬೆಲೆಗೆ ಕೇಳುವುದು ವ್ಯಾಪಾರಿಗಳ ಪದ್ಧತಿ. ನನಗೂ ಹಲವರು ಅದನ್ನೇ ಹೇಳಿಕೊಟ್ಟಿದ್ದರು. ಚಹಾ ಕೊಟ್ಟು ಕಂಬಳಿ ಹಾಸಿಕೊಟ್ಟ ಮನೆಯಲ್ಲಿ ಅದು ನನ್ನಿಂದ ಆಗಲಿಲ್ಲ. ವೈನಿಯವರನ್ನು ಕರೆದು ತಟ್ಟೆ ತೋರಿಸಿ, ಇದು ಯಾರದು, ಏಕೆ ಅಪರೂಪದ್ದು, ನಮ್ಮ ತಂದೆಯವರು ಏನು ಹೇಳುತ್ತಿದ್ದರು ಎಂಬುದನ್ನೆಲ್ಲ ಹೇಳಿದೆ. ಇದರಿಂದ ಬೆಲೆ ಏರಿತು, ಏಳು ತಿಂಗಳು ತಡವೂ ಆಯಿತು. ಆದರೂ ಮತ್ತೊಮ್ಮೆ ಇಂತಹ ಸಂದರ್ಭ ಬಂದರೆ ಹೀಗೆಯೇ ಮಾಡುತ್ತೇನೆ.

ಆ ಏಳು ತಿಂಗಳ ಕಾಯುವಿಕೆ ಇಡೀ ಹುಡುಕಾಟದಲ್ಲಿ ಅತ್ಯಂತ ಕಷ್ಟದ್ದು, ಏಕೆಂದರೆ ವಸ್ತು ಎಲ್ಲಿದೆ ಎಂದು ತಿಳಿದಿತ್ತು. ಮೊದಲು ಪಿತೃಪಕ್ಷ ಬಂದಿತು; ಹಿರಿಯರ ವಸ್ತುವನ್ನು ಆ ಹದಿನೈದು ದಿನ ಮನೆಯಿಂದ ಹೊರಗೆ ಕೊಡುವ ಮಾತೇ ಆಡಬಾರದು ಎಂದು ವೈನಿ ಹೇಳಿದರು, ಅದು ಸರಿಯೇ. ದೀಪಾವಳಿಗೆ ನಾಗಪುರದ ಎರಡನೆಯ ತಮ್ಮ ಬಂದರು. ನವೆಂಬರ್‌ನಲ್ಲಿ ನಾನು ಎರಡನೆಯ ಸಲ ಹೋದಾಗ, ಅವರು ಇಂಟರ್ನೆಟ್ಟಿನಲ್ಲಿ ಯಾವುದೋ ವಿದೇಶೀ ಹರಾಜಿನ ಬೆಲೆ ನೋಡಿ, ಆ ಒಂದಕ್ಕೇ 60,000 ರೂಪಾಯಿ ಎಂದರು. ಅಷ್ಟು ಕೊಡುವ ಶಕ್ತಿ ನನಗಿಲ್ಲ ಎಂದು ನಮಸ್ಕರಿಸಿ ಎದ್ದುಬಂದೆ. ಬರುವಾಗ ರೈಲಿನಲ್ಲಿ ಕಿಟಕಿಯ ಹೊರಗೆ ಘಟಪ್ರಭಾ ದಾಟಿದ್ದು, ಬೆಳಗಾವಿ ದಾಟಿದ್ದು ಯಾವುದೂ ನೆನಪಿಲ್ಲ.

ವೈನಿಯವರೇ ಮಾತನ್ನು ಬಿಡದೆ ಮುಂದುವರಿಸಿದರು. ಜನವರಿಯ ಕೊನೆಗೆ ಫೋನು ಮಾಡಿ, “ಒಂದೊಂದ ಮಾರೂದು ನನಗ ಸೇರಂಗಿಲ್ರಿ. ಎಲ್ಲಾ ಒಂದ ಮನೀಗೆ ಹೋಗಬೇಕು, ಅಲ್ಲಿ ಹಾಡಬೇಕು, ಅಷ್ಟ” ಎಂದರು. ಆ ಮಾತಿನಿಂದ ಲೆಕ್ಕ ಬದಲಾಯಿತು. 138 ತಟ್ಟೆಗಳಿಗೂ ಕೂಡಿ 26,000 ರೂಪಾಯಿ ಎಂದು ನಿಶ್ಚಯವಾಯಿತು. ಮೂರನೆಯ ತಮ್ಮ ಮಸ್ಕತ್‌ನಲ್ಲಿದ್ದಾರೆ. ಅವರ ಒಪ್ಪಿಗೆ ಫೋನಿನಲ್ಲಿ ಬಂದರೂ ಕಾಗದದಲ್ಲಿ ಬೇಕೆಂದು ನಾನು ಹಟ ಹಿಡಿದೆ. ಹಿರಿಯರು ಬಿಟ್ಟುಹೋದ ವಸ್ತುವಿಗೆ ಎಲ್ಲ ವಾರಸುದಾರರ ಒಪ್ಪಿಗೆ ಬರಹದಲ್ಲಿ ಇಲ್ಲದಿದ್ದರೆ ನಾಳೆ ಆ ಮನೆಯಲ್ಲಿ ಮನಸ್ತಾಪ ಹುಟ್ಟುತ್ತದೆ, ಅದಕ್ಕೆ ನೀವು ಕಾರಣರಾಗುತ್ತೀರಿ. ಸಹಿ ಮಾಡಿದ ಪತ್ರದ ಪ್ರತಿ ಮಾರ್ಚ್ ಕೊನೆಗೆ ಬಂದಿತು. ಒಂದು ಹಾಳೆಯಲ್ಲಿ ಒಪ್ಪಂದ ಬರೆದು, ಅದರ ಹಿಂದೆ 138 ತಟ್ಟೆಗಳ ಪಟ್ಟಿ ಲಗತ್ತಿಸಿ, ಹಣದ ರಶೀದಿಗೆ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿ ಪಡೆದೆ. ರಶೀದಿಯ ಮೊತ್ತ 5,000 ರೂಪಾಯಿ ಮೀರಿದರೆ 1 ರೂಪಾಯಿಯ ಆ ಸ್ಟಾಂಪು ಕಡ್ಡಾಯ. ಅಂಚೆ ಕಚೇರಿಯಲ್ಲಿ ಸಿಗುತ್ತದೆ.

ಸಾಗಿಸುವ ವಿಚಾರದಲ್ಲಿ ಹಳೆಯ ಪೆಟ್ಟು ನೆನಪಿತ್ತು. ಒಂದು ತಟ್ಟೆ ಸುಮಾರು ಇನ್ನೂರು ಗ್ರಾಂ ತೂಗುತ್ತದೆ, 138 ಎಂದರೆ ಇಪ್ಪತ್ತೆಂಟು ಕಿಲೋ. ನನ್ನ ತಮ್ಮನ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ ಮೂರು ಗಟ್ಟಿ ಡಬ್ಬಿಗಳಲ್ಲಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನಿಲ್ಲಿಸಿ ತುಂಬಿದೆವು. ಅಡ್ಡ ಪೇರಿಸಿದರೆ ಮೇಲಿನ ಭಾರಕ್ಕೆ ಕೆಳಗಿನವು ಬಿರಿಯುತ್ತವೆ. ಮನೆಯಲ್ಲಿ ಇಡುವಾಗಲೂ ನಿಲ್ಲಿಸಿಯೇ ಇಡಬೇಕು, ಬಿಸಿಲು ತಾಗಬಾರದು. ಗಾಂಧಾರಿಯ ತಟ್ಟೆಯನ್ನು ಮಾತ್ರ ಎರಡು ರಟ್ಟುಗಳ ನಡುವೆ ಕಟ್ಟಿ ಮಿರಜದಿಂದ ಲೋಂಡಾ ಮಾರ್ಗವಾಗಿ ಧಾರವಾಡದವರೆಗೆ ತೊಡೆಯ ಮೇಲೆ ನಿಲ್ಲಿಸಿಕೊಂಡೇ ಕುಳಿತೆ. ಮಿರಜಕ್ಕೆ ಮೂರು ಸಲ ಹೋಗಿಬಂದ ಖರ್ಚು 2,700 ರೂಪಾಯಿ.

ಬಂದ ಕೂಡಲೇ ನುಡಿಸಲಿಲ್ಲ. ತೊಳೆಯಲು ಎರಡು ದಿನ ತೆಗೆದುಕೊಂಡೆ. ದಯವಿಟ್ಟು ಗಮನಿಸಿ: ಸ್ಪಿರಿಟ್ಟಿನಲ್ಲಾಗಲಿ, ಮದ್ಯಸಾರವಿರುವ ಯಾವುದೇ ದ್ರವದಲ್ಲಾಗಲಿ ಅರಗಿನ ತಟ್ಟೆಯನ್ನು ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ. ಎಲ್‌ಪಿ ತೊಳೆಯುವ ದ್ರಾವಣಗಳು ಕೆಲವು ಅಂತಹವೇ. ಭಟ್ಟಿ ಇಳಿಸಿದ ನೀರಿಗೆ ಒಂದು ಹನಿ ಮೃದುವಾದ ಸೋಪು ಹಾಕಿ, ಮೆತ್ತನೆಯ ಬ್ರಶ್ಶಿನಿಂದ ಗೀರಿನ ಗುಂಟ ಸುತ್ತಿಸಿ, ಲೇಬಲ್ ತೊಯ್ಯದಂತೆ ನೋಡಿಕೊಂಡು, ಶುದ್ಧ ನೀರಿನಲ್ಲಿ ಮತ್ತೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ನೀರು ಕಂದಾಗಿ ಇಳಿಯಿತು.

ತಂದೆಯವರ ಕೀಲಿ ಕೊಡುವ ಗ್ರಾಮಫೋನ್ ಪೆಟ್ಟಿಗೆಯಲ್ಲಿ ಅದನ್ನು ನುಡಿಸಬೇಕೆಂಬ ಆಸೆ ಬಹಳವಿತ್ತು, ಆದರೆ ಆ ಭಾರದ ತಲೆ ಮತ್ತು ಉಕ್ಕಿನ ಮುಳ್ಳು ಪ್ರತಿ ಸಲವೂ ಗೀರನ್ನು ಸ್ವಲ್ಪ ಸ್ವಲ್ಪ ಕೆರೆಯುತ್ತವೆ. 78ರ ವೇಗವಿರುವ ವಿದ್ಯುತ್ ಟರ್ನ್‌ಟೇಬಲ್ ನನ್ನಲ್ಲಿತ್ತು. ಅದಕ್ಕೆ 3,200 ರೂಪಾಯಿ ಕೊಟ್ಟು ಸರಿಯಾದ ಮುಳ್ಳನ್ನು ತರಿಸಿದೆ. 78ರ ಗೀರು ಅಗಲವಾದದ್ದು, ಎಲ್‌ಪಿಯ ಮುಳ್ಳಿಗಿಂತ ಮೂರು ಪಟ್ಟಾದರೂ ಅಗಲವಾದ ತುದಿ ಬೇಕು, ಎಲ್‌ಪಿಯ ಮುಳ್ಳನ್ನು ಹಾಕಿದರೆ ಅದು ಗೀರಿನ ತಳದ ಕಸದಲ್ಲಿ ಹರಿದಾಡಿ ಬರಿಯ ಗೊರಗೊರವನ್ನೇ ಎತ್ತಿಕೊಡುತ್ತದೆ.

ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಕುಳಿತು ಕೇಳಿದೆವು. ಮೊದಲ ಕೆಲವು ಕ್ಷಣ ಗೊರಗೊರ, ಆಮೇಲೆ ಹಾರ್ಮೋನಿಯಂ, ಆಮೇಲೆ ಆ ಕಂಠ. ನನಗೆ ಗೊತ್ತಿದ್ದ ಗಂಗೂಬಾಯಿಯವರ ಧ್ವನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಾಯುತ್ತಿದ್ದವನಿಗೆ, ಬೆಳ್ಳಿಯ ತಂತಿಯಂತಹ ಈ ತೆಳು ಧ್ವನಿ ಬೇರೆ ಯಾರದೋ ಎನ್ನಿಸಿತು. ಎರಡನೆಯ ಸಲ ಕೇಳುವಾಗ, ಸ್ವರದ ಮೇಲೆ ನಿಲ್ಲುವ ರೀತಿಯಲ್ಲಿ, ಅವಸರವಿಲ್ಲದ ಆ ಭಾರದಲ್ಲಿ, ಅವರ ಗುರುತು ಹತ್ತಿತು. ಸವಾಯಿ ಗಂಧರ್ವರ ಬಳಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ವರ್ಷಗಟ್ಟಲೆ ಕಲಿತದ್ದು ಮೂವತ್ತರ ದಶಕದ ಕೊನೆಯಿಂದ ಮುಂದೆ. ಈ ತಟ್ಟೆಯ ಹುಡುಗಿಗೆ ಆ ಕಲಿಕೆ ಇನ್ನೂ ದೊರೆತಿಲ್ಲ. ಒಂದು ಬದಿಗೆ ಇರುವುದು ಮೂರು ನಿಮಿಷದ ಆಸುಪಾಸು. ಅಷ್ಟರೊಳಗೆ ಬಂದಿಶ್ (ಹಾಡಿನ ರಚನೆ), ಆಲಾಪ, ತಾನ್ (ವೇಗದ ಸ್ವರಗುಚ್ಛ) ಎಲ್ಲವನ್ನೂ ಹಿಡಿಸಿದ್ದಾರೆ. ಕೊನೆಯ ತಾನಿಗೆ ನನ್ನ ಮಗಳು ತಂಬೂರಿಯನ್ನು ಕೆಳಗಿಟ್ಟು ಎದ್ದು ಟರ್ನ್‌ಟೇಬಲ್ಲಿನ ಬಳಿ ಬಂದು ನಿಂತಳು. ನಮ್ಮ ತಂದೆಯವರು ಹೇಳುತ್ತಿದ್ದದ್ದು ಈ ಧ್ವನಿಯನ್ನೇ.

ಆ ದಿನವೇ ಡಿಜಿಟಲ್ ಪ್ರತಿ ತೆಗೆದೆ, ಸದ್ದು ತೆಗೆಯುವ ಯಾವ ಸಂಸ್ಕಾರವನ್ನೂ ಮಾಡದೆ ಒಂದು, ಹಗುರವಾಗಿ ಶುದ್ಧ ಮಾಡಿದ್ದು ಇನ್ನೊಂದು. ಹಂಚಿಕೊಳ್ಳಲು ಕಾನೂನಿನ ತೊಡಕಿದೆಯೇ ಎಂದು ಕೆಲವರು ಕೇಳಿದ್ದಾರೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. ಮೂವತ್ತರ ದಶಕದ ಮುದ್ರಣಗಳ ಅವಧಿ ಎಂದೋ ಮುಗಿದಿದೆ. ಉಳಿದ 137 ತಟ್ಟೆಗಳ ಪ್ರತಿಯನ್ನೂ ವಾರಕ್ಕೆ ನಾಲ್ಕರಂತೆ ತೆಗೆಯುತ್ತಿದ್ದೇನೆ, ವೈನಿಯವರಿಗೆ ಕೊಟ್ಟ ಮಾತು ಅದು.

ಅವರಿಗೆ ಗಾಂಧಾರಿಯ ಪ್ರತಿಯನ್ನು ಫೋನಿಗೆ ಕಳಿಸಿದ ಸಂಜೆ ಅವರು ಇನ್ನೊಂದನ್ನು ಕೇಳಿದರು. ತಟ್ಟೆಯ ಹಳೆಯ ಕಾಗದದ ಲಕೋಟೆಯ ಮೇಲೆ ಮಾವನವರು ಪೆನ್ಸಿಲ್ಲಿನಲ್ಲಿ ಮರಾಠಿಯಲ್ಲಿ ಒಂದು ಸಾಲು ಬರೆದಿದ್ದರು: ಮಂಗಳವಾರ ರಾತ್ರಿ ಎಲ್ಲರೂ ಕೂಡಿ ಕೇಳಿದೆವು ಎಂದು. ಆ ಅಕ್ಷರ ಮನೆಯಲ್ಲಿ ಬೇರೆಲ್ಲಿಯೂ ಉಳಿದಿಲ್ಲವಂತೆ. ಸಂಗ್ರಾಹಕನಿಗೆ ಮೂಲ ಲಕೋಟೆಯೂ ತಟ್ಟೆಯಷ್ಟೇ ಮುಖ್ಯ. ಆದರೂ ಅದರ ಫೋಟೋ ತೆಗೆದಿಟ್ಟುಕೊಂಡು, ತಟ್ಟೆಗೆ ಹೊಸ ಲಕೋಟೆ ಮಾಡಿಸಿ, ಹಳೆಯದನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಮಡಿಕೆ ಬೀಳದಂತೆ ಇಟ್ಟು ರಿಜಿಸ್ಟರ್ ಅಂಚೆಯಲ್ಲಿ ಮಿರಜಕ್ಕೆ ಕಳಿಸಿದೆ. ನಾಲ್ಕನೆಯ ದಿನ ಮುಟ್ಟಿತು. ಅದಕ್ಕೆ ಚೌಕಟ್ಟು ಹಾಕಿಸಿ ಮಾವನವರ ಫೋಟೋದ ಕೆಳಗೆ ತೂಗುಹಾಕಿದ್ದೇವೆ ಎಂದು ಮೊನ್ನೆ ವೈನಿ ಫೋನು ಮಾಡಿ ಹೇಳಿದರು.